ಹಡಗಿನ ಊಟಕ್ಕೆ ಉಟ್ಟ ಸೀರೆ

ಹಡಗಿನ ಕಂಪನಿಯವರು ಕಳಿಸಿದ ಸೂಚನೆಗಳಲ್ಲಿ ಹೆಚ್ಚಿನವು ನನಗೆ ಗೊತ್ತಿದ್ದ ಸಂಗತಿಗಳೇ. ಗುರುತಿನ ಚೀಟಿ ತನ್ನಿ, ಮಾತ್ರೆ ಮರೆಯಬೇಡಿ, ಒಲೆ ತರಬೇಡಿ. ನನ್ನ ತಲೆ ಕೆಡಿಸಿದ್ದು ಊಟದ ಬಟ್ಟೆಯ ವಿಚಾರ. ಎರಡನೆಯ ದಿನ ರಾತ್ರಿ ಹಡಗಿನ ಕೆಳಗಿನ ಅಂತಸ್ತಿನ ದೊಡ್ಡ ಹಾಲಿನಲ್ಲಿ ವಿಶೇಷ ಊಟವಂತೆ. ಸಮಾರಂಭಕ್ಕೆ ಹೋಗುವ ಉಡುಪಿನಲ್ಲೇ ಬರಬೇಕಂತೆ. ಲುಂಗಿ, ಬನೀನು, ನೈಟಿ, ಹವಾಯಿ ಚಪ್ಪಲಿ ಕಂಡರೆ ಬಾಗಿಲಲ್ಲೇ ತಡೆಯುತ್ತಾರಂತೆ.

ಶ್ರೀರಂಗಪಟ್ಟಣದಿಂದ ಜನರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವುದು ನನ್ನ ಕಸುಬು. ಅಲ್ಲಿಯವರೆಗೆ ಹೋಗಿದ್ದೆಲ್ಲ ಬಸ್ಸಿನಲ್ಲಿ, ಕಾಶಿ, ರಾಮೇಶ್ವರ, ಶಿರಡಿ. ಬಸ್ಸಿನ ಹಿಂಬದಿಯಲ್ಲಿ ಅಡಿಗೆಯವರು, ಪಾತ್ರೆ, ಗ್ಯಾಸು. ಎಲ್ಲಾದರೂ ಮರದ ನೆರಳು ಕಂಡರೆ ಬಸ್ಸು ನಿಲ್ಲಿಸಿ ಎಲೆ ಹಾಕಿಸಿಬಿಟ್ಟರೆ ಊಟದ ಯೋಚನೆ ಮುಗಿಯಿತು. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನೋಡಿದ್ದೇನೆ, ಉಣ್ಣುವವರು ಏನು ಉಟ್ಟಿದ್ದಾರೆ ಎಂದು ಒಂದು ದಿನವೂ ನೋಡಿದವಳಲ್ಲ.

ಹಡಗಿನ ಹುಚ್ಚು ಹಿಡಿಸಿದವರು ಪಾಲಹಳ್ಳಿಯವರೊಬ್ಬರು. ಡೈರಿಯಲ್ಲಿದ್ದು ನಿವೃತ್ತರಾದವರು. ಹುಟ್ಟಿದಾಗಿನಿಂದ ಕನ್ನಂಬಾಡಿ ನೀರು ನೋಡಿ ಸಾಕಾಗಿದೆ, ಸಾಯುವುದರೊಳಗೆ ಸಮುದ್ರದ ಮೇಲೆ ಮಲಗಬೇಕು ಎಂದು ಹಟ ಹಿಡಿದರು. ಮುಂಬೈಯಿಂದ ಹೊರಟು ಗೋವಾ ಕಡೆ ಸುತ್ತಿಸಿಕೊಂಡು ಬರುವ ಹಡಗೊಂದನ್ನು ಫೋನಿನಲ್ಲಿ ತೋರಿಸಿ, ತಮ್ಮ ನೆಂಟರಿಷ್ಟರನ್ನೆಲ್ಲ ಎತ್ತಿಕಟ್ಟಿ, ಇಪ್ಪತ್ತು ಚಿಲ್ಲರೆ ಜನರ ಗುಂಪು ಮಾಡಿದರು. ಅವರ ಅಕ್ಕನ ಗಂಡ ಶೀಳನೆರೆ ಕಡೆಯ ಯಜಮಾನರು. ಈ ನೆಂಟರ ಬಳಗದಲ್ಲಿ ಯಜಮಾನರು ಹೂಂ ಅಂದರೆ ಎಲ್ಲರೂ ಹೂಂ, ಊಹೂಂ ಅಂದರೆ ಎಲ್ಲರೂ ಊಹೂಂ. ಅದಕ್ಕೇ ಬಟ್ಟೆಯ ವಿಚಾರ ತಿಳಿಸಲು ಎಲ್ಲರನ್ನೂ ಅವರ ಮನೆಗೇ ಸೇರಿಸಿದೆ.

ನಾನು ಹೇಳಿದ್ದನ್ನು ಕೇಳಿ ಯಜಮಾನರು ಎಲೆಗೆ ಸುಣ್ಣ ಸವರುತ್ತಾ ಕುಳಿತಿದ್ದರು. ಆಮೇಲೆ ಕೇಳಿದರು, "ಉಣ್ಣಾದು ಬಾಯಿ ತಾನೆ ಕಣವ್ವ. ನಾವು ಕಾಲ್ಗೆ ಏನಾಕ್ಕೊಂಡಿದ್ದೀವಿ ಅಂತ ಅವ್ರು ಯಾಕೆ ನೋಡ್ತಾರೆ?"

"ಅದು ಅವರ ಕಟ್ಟುಪಾಡು, ಯಜಮಾನ್ರೆ."

"ಅಂಗಾದ್ರೆ ಕಾಲ್ಗೇ ಬಡಿಸ್ಲಿ ಬುಡು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬಾಗಿಲಲ್ಲಿ ತಡೆದರೆ ಬೈಸಿಕೊಳ್ಳುವವಳು ನಾನು. ಇನ್ನೊಮ್ಮೆ ಮೊದಲಿಂದ ಹೇಳಿದೆ. ನೈಟಿ ಬೇಡ ಅಂದೆ, ಲುಂಗಿ ಬೇಡ ಅಂದೆ. ಹೆಂಗಸರು "ಆಯ್ತು ಬುಡಕ್ಕ, ನಮ್ಮತ್ರ ರೇಷ್ಮೆ ಸೀರೆ ಇಲ್ವಾ" ಅಂದರು. ಗಂಡಸರು ಪ್ಯಾಂಟಿನ ಮಾತು ಬಂದಾಗ ಯಜಮಾನರ ಮುಖ ನೋಡಿದರು. ಯಜಮಾನರು ಹುಟ್ಟಾ ಪ್ಯಾಂಟು ಹಾಕಿದವರಲ್ಲ.

ಹೊರಟು ನಿಂತಾಗ ಯಜಮಾನರ ಹೆಂಡತಿ ನನ್ನನ್ನು ಹಿತ್ತಿಲ ಕಡೆಗೆ ಕರೆದರು. ಬಳಗವೆಲ್ಲ ಅವರನ್ನು ದೊಡ್ಡಮ್ಮ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಕಾಶಿಗೆ ಹೋದಾಗ ಅಡಿಗೆಯವರ ಕೈಯಿಂದ ಸೌಟು ಕಿತ್ತುಕೊಂಡು ದಾರಿಯುದ್ದಕ್ಕೂ ಬಸ್ಸಿನವರಿಗೆಲ್ಲ ಬಡಿಸಿದವರು ಇವರೇ. ಮಜ್ಜಿಗೆ ಲೋಟ ನನ್ನ ಕೈಗಿಟ್ಟು ತಗ್ಗಿದ ದನಿಯಲ್ಲಿ ಕೇಳಿದರು.

"ಅಲ್ಲಿ ಬಡ್ಸೋರು ಯಾರವ್ವ?"

"ಹಡಗಿನ ಹುಡುಗರು, ದೊಡ್ಡಮ್ಮ."

"ನಾವು ಎದ್ದೋಗಿ ಕೈ ಆಕಂಗಿಲ್ವಾ?"

"ಬಿಡೋದೇ ಇಲ್ಲ. ಕೂತಲ್ಲಿಗೇ ತಂದಿಡ್ತಾರೆ. ನೀವೂ ಯಜಮಾನ್ರೂ ಅಕ್ಕಪಕ್ಕ ಕೂತ್ಕೊಂಡು ಊಟ ಮಾಡೋದು."

ಅವರು ಕೊಟ್ಟಿಗೆ ಕಡೆ ಮುಖ ತಿರುಗಿಸಿಕೊಂಡರು. "ನೀನು ನಗಬ್ಯಾಡ," ಅಂದರು. "ಈ ಮನೆಗ್ ಬಂದಾಗಿಂದ ಅವರ ಜೊತೇಲಿ ಕುಂತು ಒಂದ್ ತುತ್ತು ಉಂಡಿಲ್ಲ ಕಣವ್ವ. ಅವ್ರು ಉಂಡು ಎದ್ಮೇಲೇ ನಾನು. ಬೀಗರೂಟ್ದಲ್ಲೂ ಅಷ್ಟೆ, ಎಲ್ರಿಗೂ ಬಡ್ಸಿ ನಾನು ಕುಂತ್ಕೊಳ್ಳೋ ಒತ್ಗೆ ಮುದ್ದೆ ಕಲ್ಲಾಗಿರ್ತದೆ. ಒಂದ್ಸಲ ಕುಂತು ಬಡಿಸ್ಕೊಂಡು ಉಣ್ಬೇಕು, ಅವ್ರ ಪಕ್ಕದಲ್ಲಿ. ಅದ್ಕೇ ಬತ್ತಿರಾದು ನಾನು. ಸಮುದ್ರ ಗಿಮುದ್ರ ನಂಗ್ಯಾಕೆ."

ನಾನು ಮಾತು ಕೊಟ್ಟುಬಿಟ್ಟೆ. ಪ್ರವಾಸ ಮಾಡಿಸುವವರು ಯಾರಿಗೂ ಹಾಗೆ ಮಾತು ಕೊಡಬಾರದು. ಆ ಹಡಗಿನಲ್ಲಿ ಉಳಿದ ಊಟವೆಲ್ಲ ಮೇಲಿನ ಅಂತಸ್ತಿನಲ್ಲಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ನಾವೇ ಬಡಿಸಿಕೊಳ್ಳುವಂಥದ್ದು. ಅಲ್ಲಿ ದೊಡ್ಡಮ್ಮ ಮೊದಲು ಯಜಮಾನರ ತಟ್ಟೆ ತುಂಬಿಸಿ ಕೊಟ್ಟು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ, ಅದು ನನಗೆ ಆಗಲೇ ಗೊತ್ತಿತ್ತು. ಕೂರಿಸಿ ಬಡಿಸುವುದು ಆ ಒಂದು ರಾತ್ರಿ, ಆ ಒಂದು ಹಾಲಿನಲ್ಲಿ ಮಾತ್ರ. ಒಳಗೆ ಹೋಗಬೇಕಾದರೆ ಬಟ್ಟೆ ಸರಿಯಾಗಿರಬೇಕು.

ಮಾರನೆಯ ದಿನದಿಂದ ಹಡಗಿನ ಕಚೇರಿಗೆ ಫೋನು ಮಾಡುವುದೇ ನನ್ನ ಕೆಲಸವಾಯಿತು. ಪಂಚೆ ಆಗುತ್ತದೆಯೇ ಎಂದು ಕೇಳಿದರೆ, ಲುಂಗಿ ಆಗುವುದಿಲ್ಲ ಅನ್ನುತ್ತಿದ್ದರು. ಅದು ಲುಂಗಿಯಲ್ಲ, ಪಂಚೆ ಅಂದರೆ, ಎರಡೂ ಒಂದೇ ಅಲ್ಲವೇ ಅನ್ನುತ್ತಿದ್ದರು. ಒಬ್ಬರಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಫೋನು ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಮತ್ತೆ ಮೊದಲಿಂದ ಶುರು. ಕೊನೆಗೆ ಪಾಂಡವಪುರದ ಒಂದು ಮದುವೆಯಲ್ಲಿ ಜರಿ ಅಂಚಿನ ಪಂಚೆ, ತುಂಬುತೋಳಿನ ಅಂಗಿ ಹಾಕಿಕೊಂಡು ನಿಂತಿದ್ದ ಹೆಣ್ಣಿನ ತಂದೆಯ ಫೋಟೊ ಕಳಿಸಿದೆ. ಅದನ್ನು ನೋಡಿದ ಹುಡುಗಿಯೊಬ್ಬಳು, ಇದಾದರೆ ಅಡ್ಡಿಯಿಲ್ಲ, ಆದರೆ ಕಾಲಿಗೆ ಬೆರಳು ಕಾಣದ ಹಾಗೆ ಶೂ ಇರಲೇಬೇಕು ಅಂದಳು. ಪಂಚೆಗೆ ಶೂ. ನಾನು ಇನ್ನು ಜಗಳ ಆಡುವ ಸ್ಥಿತಿಯಲ್ಲಿರಲಿಲ್ಲ, ಆಯ್ತು ತಾಯಿ ಅಂದೆ.

ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ನಡೆದು ಯಜಮಾನರ ಪಾದ ಮುಂದೆ ಬೀಸಣಿಗೆಯಂತೆ ಅಗಲವಾಗಿತ್ತು. ಪಾಂಡವಪುರದ ಅಂಗಡಿಗಳಲ್ಲಿ ಹಾಕಿಸಿದ ಶೂ ಯಾವುದಕ್ಕೂ ಆ ಕಾಲು ಒಗ್ಗಲಿಲ್ಲ. ಉದ್ದ ಸರಿಹೋದರೆ ಅಗಲ ಸಾಲದು, ಅಗಲ ಸರಿಹೋದರೆ ಹಿಮ್ಮಡಿ ಎದ್ದೆದ್ದು ಬರುವುದು. ಅಂಗಡಿಯವನು ಬೆವರಿಬಿಟ್ಟ. ಕೊನೆಗೆ ಅಗಲ ನೋಡಿ ಒಂದು ಜೊತೆ ತೆಗೆದುಕೊಂಡು, ಹಿಮ್ಮಡಿಗೆ ಹತ್ತಿ ತುರುಕಿಸಿದೆ. ಯಜಮಾನರು ಅಂಗಡಿ ಮುಂದೆ ಅತ್ತಿಂದಿತ್ತ ನಾಲ್ಕು ಹೆಜ್ಜೆ ಹಾಕಿ, "ಲಾಳ ಕಟ್ಟಿದ್ ಎತ್ತಂಗಾದೆ ಕಣವ್ವ ನಾನು," ಅಂದರು. ಪಾಲಹಳ್ಳಿಯ ಬಾಮೈದ ಪಕ್ಕದಲ್ಲಿದ್ದವರು, "ಒಂದ್ ರಾತ್ರಿ ತಡ್ಕೊ ಭಾವ, ಊಟ ಮುಗಿಯಗಂಟ ಅಷ್ಟೆ," ಎಂದು ಸಮಾಧಾನ ಮಾಡಿದರು.

ಇಷ್ಟಾದರೂ ನನಗೆ ನಂಬಿಕೆ ಬರಲಿಲ್ಲ. ಕಣ್ಣಾರೆ ನೋಡಿಬಿಡೋಣ ಎಂದು ಕೆ.ಆರ್. ಪೇಟೆಯಲ್ಲಿ ಒಂದು ಛತ್ರದ ಊಟದ ಮನೆ ಹಿಡಿದು, ಹಡಗಿಗೆ ಏನು ಹಾಕಿಕೊಳ್ಳುತ್ತೀರೋ ಅದನ್ನೇ ಹಾಕಿಕೊಂಡು ಮಧ್ಯಾಹ್ನದ ಊಟಕ್ಕೆ ಬನ್ನಿ ಎಂದು ಎಲ್ಲರಿಗೂ ಹೇಳಿದೆ. ಬಂದರು. ಏನು ಬಂದರು ಅಂತೀರಿ. ಹೆಂಗಸರೆಲ್ಲ ರೇಷ್ಮೆ ಸೀರೆ, ಮುಡಿ ತುಂಬ ಹೂವು. ಗಂಡಸರಲ್ಲಿ ಪ್ಯಾಂಟಿನವರು ಇಸ್ತ್ರಿ ಮಾಡಿಸಿದ ಪ್ಯಾಂಟು, ಪಂಚೆಯವರು ಜರಿ ಪಂಚೆ, ಎಲ್ಲರ ಕಾಲಲ್ಲೂ ಶೂ. ಸಂತೇಬಾಚಹಳ್ಳಿಯಿಂದ ಬಂದ ಇಬ್ಬರು ಶಲ್ಯ ಬೇರೆ ಹೊದ್ದಿದ್ದರು. ನಾನು ಒಬ್ಬೊಬ್ಬರನ್ನೂ ನಿಲ್ಲಿಸಿ ತಲೆಯಿಂದ ಕಾಲಿನವರೆಗೆ ನೋಡಿದೆ. ಬೆರಳು ಮಾಡಿ ತೋರಿಸುವ ಹಾಗೆ ಒಂದು ತಪ್ಪೂ ಇರಲಿಲ್ಲ.

ಹೆಂಗಸರ ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಚೀಲ ಇದ್ದದ್ದು ಕಂಡಿತ್ತು. ಮಿಕ್ಕ ಲಾಡು ಕಟ್ಟಿಕೊಳ್ಳಲು ತಂದಿರಬಹುದು ಎಂದುಕೊಂಡೆ. ಕೂತು ಅವರೊಂದಿಗೆ ಉಂಡು ಬಂದಿದ್ದರೆ ಆ ಚೀಲದಲ್ಲಿ ಏನಿತ್ತು ಎಂದು ಅವತ್ತೇ ಗೊತ್ತಾಗುತ್ತಿತ್ತು. ಎಲೆ ಹಾಕುವ ಹೊತ್ತಿಗೆ ನಾಗಮಂಗಲದಿಂದ ಫೋನು ಬಂತು. ಅಲ್ಲಿಯ ಒಬ್ಬರ ಗುರುತಿನ ಚೀಟಿಯಲ್ಲಿ ಹೆಸರು ಒಂದು ಥರ, ಟಿಕೆಟ್ಟಿನಲ್ಲಿ ಇನ್ನೊಂದು ಥರ. ನಾನು ಉಣ್ಣದೆ ಹಾಗೇ ಓಡಿದೆ. ಆ ಹೆಸರು ಸರಿಮಾಡಿಸುವಷ್ಟರಲ್ಲಿ ಊಟವೂ ಮರೆತುಹೋಯಿತು, ಚೀಲವೂ ಮರೆತುಹೋಯಿತು.

ಮುಂಬೈವರೆಗಿನ ರೈಲಿನ ಪಾಡು ಹೇಳುವುದಿಲ್ಲ. ಹಡಗು ಹತ್ತಿದ ಮೊದಲ ರಾತ್ರಿ ಎಲ್ಲರೂ ಮೇಲಿನ ಅಂತಸ್ತಿನಲ್ಲಿ ಉಂಡರು. ಅಲ್ಲಿ ಬಟ್ಟೆಯ ಕಟ್ಟುಪಾಡು ಇರಲಿಲ್ಲ. ಗಂಡಸರು ಲುಂಗಿಯಲ್ಲಿ, ಹೆಂಗಸರು ನೈಟಿಯ ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು, ಮನೆಯಿಂದ ತಂದ ಚಟ್ನಿಪುಡಿ ಹಂಚಿಕೊಂಡು ಸುಖವಾಗಿ ಉಂಡರು. ನಾನು ಅಂದುಕೊಂಡ ಹಾಗೆಯೇ ದೊಡ್ಡಮ್ಮ ಯಜಮಾನರ ತಟ್ಟೆ ತುಂಬಿಸಿ ಕೊಟ್ಟು, ಅವರು ಉಂಡು ಕೈ ತೊಳೆಯುವವರೆಗೂ ಪಕ್ಕದಲ್ಲೇ ನಿಂತಿದ್ದು, ಆಮೇಲೆ ತಣ್ಣಗಾದ ಅನ್ನ ಹಾಕಿಕೊಂಡರು. ನನ್ನನ್ನು ನೋಡಿ, "ನಾಳಿಕೆ ತಾನೆ?" ಎಂದು ಕೇಳಿದರು. "ನಾಳೆ, ದೊಡ್ಡಮ್ಮ," ಅಂದೆ.

ಎರಡನೆಯ ದಿನ ಸಂಜೆ, ಹೊತ್ತು ಮುಳುಗುವ ಮುಂಚೆ, ಹಡಗಿನ ನಡುವಿನ ದೊಡ್ಡ ಮೆಟ್ಟಿಲಿನ ಹತ್ತಿರ ಫೋಟೊ ತೆಗೆಯುತ್ತಾರೆ, ಆಮೇಲೆ ಊಟ. ನಮ್ಮವರು ಆ ಮೆಟ್ಟಿಲ ಮೇಲೆ ಸಾಲಾಗಿ ನಿಂತಾಗ ಬೇರೆ ಊರಿನವರೂ ನಿಂತು ನೋಡಿದರು. ಯಾರೋ ಒಬ್ಬರು ಇದು ಯಾರ ಮದುವೆ ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದರು. ದೊಡ್ಡಮ್ಮ ಕೆಂಪಂಚಿನ ಹಸಿರು ರೇಷ್ಮೆ ಉಟ್ಟು ಯಜಮಾನರ ಪಕ್ಕದಲ್ಲಿ ನಿಂತಿದ್ದರು. ಯಜಮಾನರು ಶೂ ಒಳಗೆ ಕಾಲು ಹಿಂಡಿಕೊಂಡು ಹಲ್ಲು ಕಚ್ಚಿ ನಿಂತಿದ್ದರು, ಆದರೂ ನಿಂತಿದ್ದರು. ಇಷ್ಟು ದಿನದ ಒದ್ದಾಟಕ್ಕೆ ಫಲ ಸಿಕ್ಕಿತು ಎಂದು ನನ್ನ ಮೈ ಹಗುರಾಯಿತು. "ಎಲ್ಲಾ ಕೆಳಗಿನ ಹಾಲಿಗೆ ಬಂದ್ಬಿಡಿ, ನಾನು ಮುಂದೆ ಹೋಗಿ ಮೇಜು ನೋಡಿರ್ತೀನಿ," ಎಂದು ಹೇಳಿ ಇಳಿದೆ.

ಹಾಲಿನ ಮುಖ್ಯಸ್ಥ ಕಪ್ಪು ಕೋಟಿನ, ಮೆತ್ತಗೆ ಮಾತಾಡುವ ಮನುಷ್ಯ. ನಮಗೆ ಕಿಟಕಿ ಪಕ್ಕದ ಉದ್ದ ಮೇಜು ಮಾಡಿಸಿಟ್ಟಿದ್ದ. ದೊಡ್ಡಮ್ಮ, ಯಜಮಾನರ ಕುರ್ಚಿ ನಡುಮಧ್ಯದಲ್ಲಿ. ಅರ್ಧ ಗಂಟೆಯೊಳಗೆ ಬಂದು ಕೂರದಿದ್ದರೆ ಮೇಜನ್ನು ಮುಂದಿನ ಪಂಕ್ತಿಯವರಿಗೆ ಕೊಟ್ಟುಬಿಡುತ್ತೇವೆ ಎಂದು ಹೇಳಿದ. ಬರುತ್ತಾರೆ, ಮೆಟ್ಟಿಲ ಹತ್ತಿರವೇ ಇದ್ದಾರೆ ಅಂದೆ.

ಬರಲಿಲ್ಲ. ಕಾದೆ. ಸುತ್ತಲಿನ ಮೇಜುಗಳೆಲ್ಲ ತುಂಬಿದವು. ನಾನು ಬಾಗಿಲಿಗೆ ಬಂದು ನಿಂತೆ. ಕೊನೆಗೂ ಲಿಫ್ಟಿನ ಬಾಗಿಲು ತೆರೆಯಿತು. ನಮ್ಮವರು ಬಂದರು.

ಗಂಡಸರು ಲುಂಗಿ, ಬನೀನು, ಹೆಗಲ ಮೇಲೆ ಟವೆಲ್. ಕಾಲು ತೊಳೆದುಕೊಂಡು ಬಂದಿದ್ದರಿಂದ ಹವಾಯಿ ಚಪ್ಪಲಿ ಪಚಪಚ ಅನ್ನುತ್ತಿತ್ತು. ಹಿಂದೆ ಹೆಂಗಸರು, ನೈಟಿಯಲ್ಲಿ. ಮುಡಿಯ ಹೂವು ಮಾತ್ರ ಹಾಗೇ ಇತ್ತು.

"ಏನಿದು?" ಅಂದೆ.

"ಉಣ್ಣಾಕೆ ಬಂದೋ," ಅಂದರು ಯಜಮಾನರು.

"ಸೀರೆ ಎಲ್ಲಿ? ಪಂಚೆ ಎಲ್ಲಿ?"

"ಫೋಟ ಆಯ್ತಲ್ಲಕ್ಕ," ಹೆಂಗಸೊಬ್ಬಳು ನನಗೇ ಬುದ್ಧಿ ಹೇಳುವ ಹಾಗೆ ಅಂದಳು. "ಬಿಚ್ಚಿ ಮಡಿಸಿಟ್ಟು ಬಂದೋ. ರೇಷ್ಮೆ ಉಟ್ಕೊಂಡು ಯಾರಾದ್ರೂ ಉಣ್ತಾರಾ? ಸಾರ್ ಚೆಲ್ಲುದ್ರೆ ಓಯ್ತದಾ ಅದು?"

ಆಗ ಕೆ.ಆರ್. ಪೇಟೆಯ ಛತ್ರದ ಪ್ಲಾಸ್ಟಿಕ್ ಚೀಲಗಳು ನನ್ನ ಕಣ್ಣ ಮುಂದೆ ಬಂದವು. ನಾನು ನಾಗಮಂಗಲಕ್ಕೆ ಓಡಿದ ಮೇಲೆ ಹೆಂಗಸರೆಲ್ಲ ಛತ್ರದ ಕೋಣೆಗೆ ಹೋಗಿ, ರೇಷ್ಮೆ ಬಿಚ್ಚಿ, ಚೀಲದಲ್ಲಿದ್ದ ಹಳೆಯ ಸೀರೆ ಉಟ್ಟುಕೊಂಡು ಎಲೆ ಮುಂದೆ ಕುಳಿತಿದ್ದಾರೆ. ನಮ್ಮ ಕಡೆ ಮದುವೆಗಳಲ್ಲಿ ಮಾಡುವುದೂ ಅದನ್ನೇ. ಮುಹೂರ್ತಕ್ಕೆ ರೇಷ್ಮೆ, ಊಟಕ್ಕೆ ಹಳೆಯದು. ಗಂಡಸರು ಹೊರಗಿನಿಂದ ಬಂದರೆ ಮೊದಲು ಅಂಗಿ ಕಳಚಿ, ಲುಂಗಿ ಸುತ್ತಿ, ಕೈಕಾಲು ತೊಳೆದು, ಆಮೇಲೆ ಊಟಕ್ಕೆ ಕೂರುವುದು. ನಾನೂ ಅದೇ ನೀರು ಕುಡಿದು ಬೆಳೆದವಳು. ಆದರೂ ಊಟಕ್ಕೆ ಒಳ್ಳೆಯ ಬಟ್ಟೆ ಅಂದರೆ ಇವರಿಗೆ ಊಟದ ಮುಂಚಿನವರೆಗೆ ಒಳ್ಳೆಯ ಬಟ್ಟೆ ಎಂದೇ ಕೇಳಿಸುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ತಲೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮುಖ್ಯಸ್ಥ ಬಂದು ನೋಡಿ, ಕೈಮುಗಿದು, ಇವರನ್ನು ಬಿಡಲಾರೆ ಅಂದ. ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ, ಅಷ್ಟು ಮೆತ್ತಗೆ ಹೇಳಿದ.

ನಾನು ನಮ್ಮವರ ಕಡೆ ತಿರುಗಿದೆ. "ಎಲ್ಲಾ ಈಗಿಂದೀಗ್ಲೇ ಹೋಗಿ ಮತ್ತೆ ಹಾಕ್ಕೊಂಡು ಬನ್ನಿ. ಮೊದಲು ಹಾಕಿದ್ದನ್ನೇ. ಬೇಗ."

"ಒಂದ್ ರಾತ್ರೀಲಿ ಎಷ್ಟು ಸಲ ಬಿಚ್ಚಿ ಎಷ್ಟು ಸಲ ಉಡಾನವ್ವ?" ಯಜಮಾನರು ಕಾಲು ಮುಂದೆ ಚಾಚಿದರು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. "ನೋಡು. ಆ ಶೂಗೆ ಇನ್ನೊಂದ್ಸಲ ಕಾಲು ತುರುಕದಿಲ್ಲ ನಾನು."

"ಯಜಮಾನ್ರೆ, ಒಂದು ಗಂಟೆ ತಡ್ಕೊಳ್ಳಿ ಸಾಕು."

"ಉಣ್ಣಾಕೆ ಇಷ್ಟು ಗೋಳಾ? ನೆನ್ನೆ ಮೇಲೆ ಉಂಡ್ವಲ್ಲ, ಅಲ್ಲೇ ಉಣ್ಣಾನ. ಬನ್ರುಲಾ."

ಅವರು ತಿರುಗಿದರು. ಅವರ ಹಿಂದೆ ಗಂಡಸರು ತಿರುಗಿದರು. ಗಂಡಸರ ಹಿಂದೆ ಹೆಂಗಸರು. ಪಾಲಹಳ್ಳಿಯ ಬಾಮೈದ ನನ್ನ ಮುಖ ನೋಡಿ, "ಏನ್ ಮಾಡಾದು, ಭಾವ ಅಂದ್ಮೇಲೆ ಮುಗೀತು," ಎಂದು ತಾವೂ ಹೆಜ್ಜೆ ಕಿತ್ತರು. ಹಡಗಿನವರಿಗೆ ಫೋನು ಮಾಡಿದ್ದು, ಪಾಂಡವಪುರದಲ್ಲಿ ಅಂಗಡಿ ಅಂಗಡಿ ಅಲೆದದ್ದು, ಛತ್ರ ಹಿಡಿದದ್ದು, ಎಲ್ಲ ನೀರಲ್ಲಿ ಹೋಮ ಆಯಿತು. ಅಳು ಬರುವಷ್ಟು ಸಿಟ್ಟು ಬಂತು ನನಗೆ.

ಲಿಫ್ಟಿನ ಮುಂದೆ ಗುಂಪು ಎರಡಾಗಿ ದಾರಿ ಬಿಟ್ಟಾಗ ಹಿಂದೆ ನಿಂತಿದ್ದ ದೊಡ್ಡಮ್ಮ ಕಂಡರು. ಅವರು ಕೆಂಪಂಚಿನ ಹಸಿರು ರೇಷ್ಮೆಯಲ್ಲೇ ಇದ್ದರು. ನೆರಿಗೆ ಕೂಡ ಸರಿದಿರಲಿಲ್ಲ.

"ನೀವು ಯಾಕೆ ಬಿಚ್ಚಲಿಲ್ಲ, ದೊಡ್ಡಮ್ಮ?"

"ರೇಷ್ಮೆ ಬಿಚ್ಚಾದು ಬಡಿಸ್ಬೇಕಾದಾಗ ತಾನೆ?" ಅಂದರು. "ಸಾರು ಚೆಲ್ಲಾದು ಬಡಿಸೋಳ ಮ್ಯಾಲೆ. ಕುಂತು ಉಣ್ಣೋಳ್ಗೆ ಯಾಕೆ? ಇವತ್ತು ನಾನು ಬಡಿಸಂಗಿಲ್ಲ ಅಂತ ನೀನೇ ಯೋಳಿದ್ದೆ."

ಉಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಾರಮ್ಮಿ, ಒತ್ತಾಯ್ತದೆ," ಯಜಮಾನರು ಲಿಫ್ಟಿನೊಳಗೆ ನಿಂತು ಬಾಗಿಲು ಕೈಯಲ್ಲಿ ತಡೆದುಕೊಂಡು ಕರೆದರು.

ದೊಡ್ಡಮ್ಮ ಕದಲಲಿಲ್ಲ. ಹಾಲಿನ ಒಳಗೆ ಕಿಟಕಿ ಪಕ್ಕದ ಉದ್ದ ಮೇಜು ಕಾಣುತ್ತಿತ್ತು, ಅದನ್ನೇ ನೋಡುತ್ತಿದ್ದರು.

ನಮ್ಮ ಕಸುಬಿನಲ್ಲಿ ಎರಡು ಕೆಲಸ ಮಾಡಬಾರದು. ಊಟದ ಹೊತ್ತಿಗೆ ಗುಂಪು ಒಡೆಯಬಾರದು, ಗಂಡ ಹೆಂಡತಿಯ ನಡುವೆ ಬಾಯಿ ಹಾಕಬಾರದು. ಒಂದು ಸಲ ಹಾಕಿದರೆ ಆ ಬಳಗ ಮತ್ತೆ ನಮ್ಮ ಬಸ್ಸು ಹತ್ತುವುದಿಲ್ಲ, ಊರೆಲ್ಲ ಆಡಿಕೊಳ್ಳುತ್ತಾರೆ. ಅಷ್ಟೂ ಗೊತ್ತಿದ್ದು, ಹಾಳಾಗಿ ಹೋಗಲಿ ಎಂದು ನಾನು ಮುಖ್ಯಸ್ಥನಿಗೆ ಹೇಳಿದೆ, "ಮೇಜು ಬಿಡಬೇಡಿ. ಈಗ ಒಬ್ಬರು ಬರ್ತಾರೆ, ಉಳಿದವರು ಹಿಂದೆ ಬರ್ತಾರೆ." ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, "ಬನ್ನಿ, ನಿಮ್ಮ ಕುರ್ಚಿ ತೋರಿಸ್ತೀನಿ," ಅಂದೆ.

ಯಜಮಾನರ ಮುಖ ಗಂಟಾಯಿತು. "ಏನವ್ವಾ, ನಾನು ಕರೀತಾ ಇವ್ನಿ, ನೀನು ಅತ್ಲಾಗೆ ಕರ್ಕೊಂಡೋಯ್ತಿದ್ದೀಯಲ್ಲ."

ನನಗಿಂತ ಮೊದಲು ದೊಡ್ಡಮ್ಮನೇ ಮಾತಾಡಿದರು. ದನಿ ಏರಿಸಲಿಲ್ಲ. "ನೀವು ಬಟ್ಟೆ ಆಕ್ಕೊಂಡ್ ಬನ್ನಿ. ನಾನು ಉಣ್ತಿರ್ತೀನಿ."

ಅಷ್ಟು ಹೇಳಿ ಒಳಗೆ ನಡೆದರು. ಯಜಮಾನರು ಕೈ ತೆಗೆದದ್ದಕ್ಕೋ ಏನೋ, ಲಿಫ್ಟು ಬಾಗಿಲು ಮುಚ್ಚಿಕೊಂಡು ಮೇಲಕ್ಕೆ ಹೋಯಿತು.

ಅಷ್ಟುದ್ದ ಮೇಜಿಗೆ ದೊಡ್ಡಮ್ಮ ಒಬ್ಬರೇ. ಹುಡುಗ ಸೂಪು ತಂದಿಟ್ಟ. ಅವರು ಸೂಪನ್ನು ನೋಡಿದರು, ಪಕ್ಕದ ಖಾಲಿ ಕುರ್ಚಿ ನೋಡಿದರು, ಕೈ ಮೇಲೆತ್ತಲಿಲ್ಲ. ನಾನು ಹಿಂದೆ ನಿಂತು ಒಳಗೊಳಗೇ ಕುದಿಯುತ್ತಿದ್ದೆ. ಇಷ್ಟೆಲ್ಲ ಮಾಡಿ, ಈಗ ಯಜಮಾನರು ಬರುವವರೆಗೆ ಕಾಯುತ್ತೇನೆ ಅಂದರೆ ನಾನು ಎಲ್ಲಿಗೆ ಹೋಗಿ ಹಾರಿಕೊಳ್ಳಲಿ? "ಆರಿ ಹೋಗುತ್ತೆ ದೊಡ್ಡಮ್ಮ," ಅಂದೆ. ಅವರು ಬಟ್ಟಲು ಎರಡು ಕೈಯಲ್ಲಿ ಎತ್ತಿ, ಕಾಫಿ ಕುಡಿಯುವ ಹಾಗೆ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು. "ಬಿಸಿ ಅದೆ," ಅಂದರು. ಬಟ್ಟಲು ಬರಿದಾಗುವವರೆಗೂ ಕುಡಿದರು.

ಅನ್ನ ಪಲ್ಯ ಬರುವ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಮತ್ತೆ ರೇಷ್ಮೆ ಸುತ್ತಿಕೊಂಡು ಓಡಿ ಬಂದಿದ್ದರು. ಒಬ್ಬಳ ಸೆರಗು ಉಲ್ಟಾ, ಇನ್ನೊಬ್ಬಳ ನೆರಿಗೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. "ದೊಡ್ಡಮ್ಮ ಒಬ್ರೇ ಕುಂತವ್ರೆ ಅಂತ ಬಂದೋ," ಅಂದರು. ಅವರ ಹಿಂದೆ ಬಾಮೈದ, ಪ್ಯಾಂಟಿನ ಮೇಲೆ ಅಂಗಿ ಬಿಟ್ಟುಕೊಂಡು. ಆಮೇಲೆ ಇನ್ನು ಕೆಲವು ಗಂಡಸರು. ಯಜಮಾನರ ಸುಳಿವಿಲ್ಲ.

ದೊಡ್ಡಮ್ಮ ಬಾಗಿಲ ಕಡೆ ಒಂದೆರಡು ಸಲ ನೋಡಿದರು. ಆದರೂ ಉಂಡರು. ಚಮಚ ಪಕ್ಕಕ್ಕಿಟ್ಟು ಕೈಯಲ್ಲಿ ಕಲೆಸಿ, ನಿಧಾನವಾಗಿ ಉಂಡರು. ಹುಡುಗ ಬಂದು ಇನ್ನಷ್ಟು ಹಾಕಲೇ ಎಂದು ಕೈಸನ್ನೆಯಲ್ಲಿ ಕೇಳಿದಾಗ ಮೊದಲು ಅವರಿಗೆ ಅರ್ಥವಾಗಲಿಲ್ಲ. ನಾನು ಹೇಳಿದ ಮೇಲೆ ನಾಚಿಕೊಂಡು, "ಒಸಿ ಆಕಪ್ಪ," ಅಂದರು.

ತಟ್ಟೆ ತೆಗೆದು ಐಸ್‌ಕ್ರೀಮ್ ತಂದಿಟ್ಟಾಗ ಯಜಮಾನರು ಬಂದರು. ಜರಿ ಪಂಚೆ, ತುಂಬುತೋಳಿನ ಅಂಗಿ. ಶೂ ಹಾಕಿಕೊಂಡಿದ್ದರು, ಹಿಮ್ಮಡಿ ಭಾಗವನ್ನು ತುಳಿದು ಮಡಿಸಿಕೊಂಡು, ಚಪ್ಪಲಿಯ ಹಾಗೆ ಎಳೆದುಕೊಂಡು. ಮುಖ್ಯಸ್ಥ ಕಾಲು ನೋಡಿದ, ನನ್ನ ಮುಖ ನೋಡಿದ, ಮುಂದಿನಿಂದ ಬೆರಳು ಕಾಣುತ್ತಿಲ್ಲವಲ್ಲ ಎಂದು ಬಿಟ್ಟುಬಿಟ್ಟ. ಯಜಮಾನರು ಯಾರನ್ನೂ ನೋಡದೆ ಕಾಲೆಳೆಯುತ್ತಾ ಬಂದು ಖಾಲಿ ಕುರ್ಚಿಯಲ್ಲಿ ಕುಳಿತರು. ನನ್ನ ಕಡೆಗಂತೂ ನೋಡಲೇ ಇಲ್ಲ.

ಮೇಜನ್ನೇ ನೋಡುತ್ತಾ ಹೆಂಡತಿಯನ್ನು ಕೇಳಿದರು, "ಉಂಡ್ಯಾ?"

"ಊಂ. ಉಂಡೆ."

ಹುಡುಗ ಅವರ ಮುಂದೆ ಸೂಪು ಇಟ್ಟ. ಹೆಂಡತಿ ಏನಾದರೂ ಮುಂದಕ್ಕೆ ಸರಿಸುತ್ತಾರೆ ಎಂದು ಯಜಮಾನರು ಕಾದರು. ದೊಡ್ಡಮ್ಮನ ಬಲಗೈ ತಾನಾಗಿ ಮೇಲೆದ್ದು, ಮತ್ತೆ ಮಡಿಲಿಗೆ ಇಳಿಯಿತು. ಅವರ ಮುಂದೆ ಐಸ್‌ಕ್ರೀಮ್ ಕರಗತೊಡಗಿತ್ತು, ಅದನ್ನೂ ಮುಟ್ಟಲಿಲ್ಲ.

ನನಗೆ ತಡೆಯಲಾಗಲಿಲ್ಲ. "ತಿನ್ನಿ ದೊಡ್ಡಮ್ಮ, ನೀರಾಗ್ತಾ ಇದೆ."

"ಆಗ್ಲಿ ಬುಡವ್ವ. ಅವ್ರೂ ಅಲ್ಲಿಗಂಟ ಬರ್ಲಿ. ಜೊತೇಲಿ ಅಂದಿದ್ದೆ ಅಲ್ವಾ ನಾನು."

ಯಜಮಾನರು ಸೂಪಿನಿಂದ ತಲೆಯೆತ್ತಿದರು. "ಏನ್ ಜೊತೇಲಿ?"

ಅಕ್ಕನ ಆಸೆ ತಮ್ಮನಿಗೂ ಗೊತ್ತಿತ್ತು ಅಂತ ಕಾಣುತ್ತದೆ. ಪಕ್ಕದಲ್ಲಿದ್ದ ಬಾಮೈದನೇ ಹೇಳಿದರು, "ನಿನ್ ಜೊತೇಲಿ ಕುಂತು ಉಣ್ಬೇಕು ಅಂತ ಅಕ್ಕ ಊರಿಂದ ಬಂದವ್ಳೆ ಭಾವ. ನೀನು ನೋಡುದ್ರೆ ಎಲ್ಲಾ ಮುಗುದ್ಮೇಲೆ ಬಂದಿದ್ದೀಯ."

ಯಜಮಾನರು ಹೆಂಡತಿಯ ಬಟ್ಟಲಲ್ಲಿ ಕರಗುತ್ತಿದ್ದುದನ್ನು ನೋಡಿದರು. ಸೂಪಿನ ಬಟ್ಟಲನ್ನು ಹಿಂದಕ್ಕೆ ತಳ್ಳಿ ಹುಡುಗನನ್ನು ಕರೆದರು. "ಇದ್ ಎತ್ಕೊಂಡೋಗಪ್ಪ. ನಂಗೂ ಅದ್ನೇ ಕೊಡು."

ಅವರು ಮೇಲೆ ಉಂಡು ಬಂದಿರಲಿಲ್ಲ, ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹುಡುಗನಿಗೆ ಕನ್ನಡ ಬಾರದಿದ್ದರೂ ತೋರಿಸಿದ ಬೆರಳು ಅರ್ಥವಾಯಿತು, ಇನ್ನೊಂದು ಬಟ್ಟಲು ತಂದಿಟ್ಟ. ಇಬ್ಬರೂ ತಿನ್ನಲು ಶುರು ಮಾಡಿದರು. ಯ‌ಜಮಾನರು ಆತುರದವರು, ಆದರೆ ಹೆಂಡತಿಯ ಬಟ್ಟಲು ನೋಡಿಕೊಂಡು ನಡುನಡುವೆ ನಿಲ್ಲಿಸಿ ನಿಲ್ಲಿಸಿ ತಿಂದರು.

ದೊಡ್ಡಮ್ಮನ ಚಮಚದಿಂದ ಕರಗಿದ ಐಸ್‌ಕ್ರೀಮ್ ಸೀರೆಯ ಮೇಲೆ ತೊಟ್ಟಿಕ್ಕಿತು. ಸರಿಯಾಗಿ ಕೆಂಪಂಚಿನ ಮೇಲೆ. ಮೇಜಿನ ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ನಾನು ನೀರು ತರಲು ಹೊರಟೆ.

"ಸೀರೆ ಮ್ಯಾಲೆ ಬಿತ್ತು ಕಣಮ್ಮಿ," ಅಂದರು ಯಜಮಾನರು.

ದೊಡ್ಡಮ್ಮ ಕಲೆಯನ್ನು ನೋಡಿಕೊಂಡರು. ಒರೆಸಲಿಲ್ಲ. "ಬೀಳ್ಲಿ ಬುಡಿ," ಎಂದು ಇನ್ನೊಂದು ಚಮಚ ತೆಗೆದುಕೊಂಡರು. "ಉಣ್ಣಾಕೆ ತಾನೆ ಉಟ್ಕೊಂಡ್ ಬಂದಿರಾದು."